ಹಳದಿ ಬಂದ ನೀರು

ಗೌನಿಪಲ್ಲಿಯ ಮಾವಿನ ತೋಟದಲ್ಲಿ ನಾರಾಯಣಪ್ಪ ಈಜೋದಕ್ಕೇ ಅಂತ ಸಿಮೆಂಟ್ ತೊಟ್ಟಿ ಕಟ್ಟಿಸಿದ್ದ. ಬೋರ್‌ವೆಲ್ಲಿನ ಉಪ್ಪುನೀರು, ತೊಟ್ಟಿ ತುಂಬ ಪಾಚಿ. ನೀರು ಪರೀಕ್ಷೆ ಮಾಡೋನು ನಾನು. ಹಿಂದಿನ ದಿನವೇ ಬ್ಲೀಚಿಂಗ್ ಪೌಡರ್ ಹಾಕಿಸಿದ್ದೆ. ನನ್ನ ಔಷಧಿ ಹನಿ ಬಿದ್ದು ನೀರು ಹಳದಿಯಾದರೆ ಪೌಡರ್ ಕೆಲಸ ಮಾಡ್ತಿದೆ ಅಂತ ಲೆಕ್ಕ.

ನಾರಾಯಣಪ್ಪನ ತಾಯಿ ಚೊಂಬಿನಲ್ಲಿ ತೊಟ್ಟಿಯ ನೀರು ತಂದುಕೊಟ್ಟರು. ಗಾಜಿನ ನಳಿಕೆಗೆ ಸುರಿದು, ನೋಡೋಕೂ ನಿಲ್ಲದೆ ಹನಿ ಬಿಟ್ಟೆ. ಹಳದಿ!

"ಬಂತು ಕಣ್ರೀ!" ಎಂದು ಕುಣಿದೇಬಿಟ್ಟೆ. ಚಡ್ಡಿಯಲ್ಲೇ ಕಾಯುತ್ತಿದ್ದ ನಾರಾಯಣಪ್ಪ ದಬಾರನೆ ಹಾರಿದ.

"ಬರದೆ ಇರ್ತದಾ ಸಾರ್? ಗಂಗಮ್ಮನಿಗೆ ಅಂತ ಚೊಂಬಿಗೆ ಚಿಟಿಕೆ ಅರಿಶಿನ ಹಾಕೇ ನಾನು ನೀರು ತುಂಬೋದು," ಅಂದರು ತಾಯಿ.

ನಾನೇ ತೊಟ್ಟಿಗೆ ನಳಿಕೆ ಅದ್ದಿ ಮತ್ತೆ ಹನಿ ಬಿಟ್ಟೆ. ಬಣ್ಣವೇ ಇಲ್ಲ. ಅಷ್ಟರಲ್ಲಿ ನಾರಾಯಣಪ್ಪ ನಗುತ್ತ ಮೇಲೆದ್ದ, ಮೀಸೆ ಪೂರ್ತಿ ಹಸಿರು.

ಇವತ್ತಿಗೂ ನಾನು ಮೊದಲು ಪರೀಕ್ಷೆ ಮಾಡೋದು ಚೊಂಬನ್ನೇ.