ಎರಡು ಅಂಗೈ ನಡುವಿನ ದಾಳ

ಪಣ ಕಟ್ಟಿ ಆಡುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಕೊಳ್ಳೇಗಾಲದ ನಮ್ಮ ತವರಿನಲ್ಲಿ ಮಗ್ಗದ ಸದ್ದು ನಿಂತ ಮಧ್ಯಾಹ್ನ ಹೆಂಗಸರೆಲ್ಲ ಹುಣಸೆ ಬೀಜ ತೇಯ್ದು ಚೌಕಾಬಾರ ಆಡುತ್ತಿದ್ದೆವು. ಸೋತವರು ಕಾಫಿ ಕಾಯಿಸಬೇಕು, ಅಷ್ಟೇ. ಮದುವೆಯಾಗಿ ಮುಳ್ಳೂರಿಗೆ ಬಂದು ನೋಡಿದರೆ, ಯುಗಾದಿಯ ದಿನ ಗಂಡಸರು ಪಗಡೆ ಹಾಸು ಬಿಚ್ಚಿ ಕೂತರೆ ಊಟಕ್ಕೂ ಏಳುವುದಿಲ್ಲ. ಸೋತ ಕಡೆಯವರು ಮಾರನೆಯ ದಿನದ ವರ್ಷತೊಡಕಿನ ಬಾಡೂಟಕ್ಕೆ ಒಂದು ನಾಟಿ ಕೋಳಿ ಕೊಡಬೇಕು. ಒಂದು ಕೋಳಿಗೆ ಇಷ್ಟು ಕೂಗಾಟವೇ ಎಂದು ನಾನು ಗೊಣಗುತ್ತಿದ್ದೆ.

ಆ ಆಟದಲ್ಲಿ ನಮ್ಮ ಮಾವ ಬಲು ಜೋರು. ಜೊತೆಗೆ ಕೂತವರು ಯಾರೇ ಆಗಲಿ, ಸೋತರೆ ತಪ್ಪು ಅವರದೇ.

ಹೋದ ವರ್ಷ ಪಾರ್ಶ್ವವಾಯು ಹೊಡೆದು ಮಾವನ ಬಲಗೈ ಸ್ವಾಧೀನ ತಪ್ಪಿತು. ಮಾತು ಉಳಿದಿತ್ತು, ಆದರೆ ಮಾತಾಡುವುದನ್ನೇ ಬಿಟ್ಟರು. ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ನೂಕುತ್ತಿದ್ದವರು ಈಗ ಸುಮ್ಮನೆ ಉಣ್ಣುತ್ತಿದ್ದರು. ಅತ್ತೆಗೆ ಅದೇ ಭಯ. "ಬಯ್ಯೋದ್ನೂ ಬುಟ್‌ಬುಟ್ರು ಕಣವ್ವ" ಎಂದು ನನ್ನೆದುರು ಅತ್ತರು.

ಈ ಯುಗಾದಿಗೂ ಹಾಸು ಬಿಚ್ಚಿದ್ದು ನಮ್ಮ ಜಗಲಿಯ ಮೇಲೆಯೇ. ಪ್ರತಿಸಲ ಎದುರಾಳಿಯಾಗುವ ಪಕ್ಕದ ಮನೆಯ ಯಜಮಾನರು ಕರೆದರೆಂದು ಮಾವ ಬಂದು ಕೂತರು. ಎರಡು ಹಿತ್ತಾಳೆ ದಾಳಗಳನ್ನು ಎರಡು ಅಂಗೈ ನಡುವೆ ಉಜ್ಜಿಯೇ ಉರುಳಿಸಬೇಕು, ಇಲ್ಲದಿದ್ದರೆ ಆ ಗರ ಲೆಕ್ಕಕ್ಕಿಲ್ಲ. ಒಂದೇ ಕೈಯಲ್ಲಾದರೆ ಬೇಕಾದ್ದನ್ನು ಬೀಳಿಸಬಹುದಂತೆ.

"ನಿನ್ ಬದ್ಲು ನಾನ್ ಆಕ್ತೀನಿ ಬುಡಪ್ಪ" ಎಂದರು ನನ್ನ ಗಂಡ.

"ನೀನ್ ಆಕುದ್ ಗರ ನಂದಾಯ್ತದಾ?"

"ಒಂದೇ ಕೈಲಿ ಆಕ್ಲಿ ಬುಡ್ರಿ" ಎಂದರು ಯಾರೋ.

"ಬ್ಯಾಡ. ನನ್ನೊಬ್ನಿಗೆ ಅಂತ ಆಟದ್ ನ್ಯಾಯ ಬದ್ಲಾಯ್ಸ್‌ಬ್ಯಾಡಿ" ಎಂದ ಮಾವ ಗೋಡೆ ಹಿಡಿದು ಏಳತೊಡಗಿದರು. ಈ ಸಲ ಎದ್ದರೆ ಇನ್ನೆಂದೂ ಕೂರುವುದಿಲ್ಲವೆಂದು ನನಗೆ ಖಾತ್ರಿಯಾಗಿತ್ತು.

ಅಷ್ಟರಲ್ಲಿ ಅತ್ತೆ ಹೋಳಿಗೆ ತಟ್ಟುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದರು. ಈ ಊರಿನಲ್ಲಿ ಹೆಂಗಸರು ಪಗಡೆ ದಾಳ ಮುಟ್ಟಿದ್ದನ್ನು ನಾನು ಕಂಡಿಲ್ಲ. ಅವರು ಮಾವನ ಪಕ್ಕ ಕೂತು, ದಾಳಗಳನ್ನು ಅವರ ಎಡ ಅಂಗೈ ಮೇಲಿಟ್ಟು, ತಮ್ಮ ಬಲ ಅಂಗೈ ಮುಚ್ಚಿದರು. ಎಲ್ಲರೂ ಎದುರಾಳಿಯ ಮುಖ ನೋಡಿದರು.

ಅವರು ಗದ್ದ ಕೆರೆದುಕೊಂಡರು. "ಎಲ್ಡ್ ಅಂಗೈ ಸೇರುದ್ವಲ್ಲ. ಯಾರ್ ಅಂಗೈ ಅಂತ ಇಲ್ಲೀಗಂಟ ಯಾರೂ ಕೇಳಿಲ್ಲ. ಆಕಣ್ಣ" ಎಂದರು. ಕೈಯಾಡದವರನ್ನು ಆಟಕ್ಕೆ ಕರೆದರಲ್ಲ ಎಂದು ಆ ಪುಣ್ಯಾತ್ಮನ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲಿಗೇ ಇಳಿಯಿತು.

ಸಂಜೆಯವರೆಗೆ ಆಟ ನಡೆಯಿತು, ಹೋಳಿಗೆ ನಾನೊಬ್ಬಳೇ ಬೇಯಿಸಿದೆ. ಕೊನೆಯಲ್ಲಿ ಗೆಲ್ಲಲು ಹನ್ನೆರಡು ಬೇಕಿತ್ತು. ಗಂಡಹೆಂಡಿರ ಕೈಯಿಂದ ಉರುಳಿದ್ದು ಏಳು.

"ಉಜ್ಜೋ ಕೈನಾ ಅದು?" ಮಾವನ ದನಿ ಬೀದಿಗೆ ಕೇಳಿಸಿತು. "ರೊಟ್ಟಿ ತಟ್ದಂಗೆ ತಟ್ತೀಯಲ್ಲ. ನಿನ್ನಿಂದ್ಲೇ ಕಣಮ್ಮಿ ಸೋತದ್ದು."

ಅತ್ತೆ ಒಳಗೆ ಬಂದು ಒಲೆಯ ಮುಂದೆ ಕೂತರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಕೇಳುಸ್ಕಂಡ್ಯಾ? ಬಯ್ದ್ರು" ಎಂದರು.

ಮಾರನೆಯ ಬೆಳಿಗ್ಗೆ ಇದ್ದುದರಲ್ಲಿ ದಪ್ಪ ಹುಂಜವನ್ನೇ ಅಟ್ಟಾಡಿಸಿ ಹಿಡಿದು, ಪಕ್ಕದ ಮನೆಗೆ ನಾನೇ ಕೊಟ್ಟು ಬಂದೆ.