ಏಳನೇ ನಂಬರಿನ ಮೀಟರು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಫ್ಯಾಕ್ಟರಿಗಳಲ್ಲಿ ಶಾಖ ಅಳೆಯುವ ಮೀಟರುಗಳನ್ನು ಕೂರಿಸಿ, ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು ನಾನು. ಮೊದಲು ಅಂಕಿ ತೋರಿಸಿ, ಆಮೇಲೆ ಮಾತಾಡಿ ಅನ್ನುವ ಜಾತಿ. ಹಾಗಾಗಿಯೇ ಈ ಸಂಗತಿಯನ್ನು ಇಷ್ಟು ವರ್ಷ ಹೆಂಡತಿಗೂ ಹೇಳಿರಲಿಲ್ಲ. ಆದರೆ ನಡೆದದ್ದು ನಡೆದದ್ದೇ. ಮನುಷ್ಯರ ಹೆಸರು ಬದಲಿಸಿದ್ದೇನೆ, ಬೇರೇನನ್ನೂ ಬದಲಿಸಿಲ್ಲ.

ದೇವನಹಳ್ಳಿಯಲ್ಲಿ ವಿಮಾನಗಳು ಇಳಿಯಲು ಶುರುವಾಗಿ ಒಂದೆರಡು ವರ್ಷವಾಗಿತ್ತು. ದೊಡ್ಡಬಳ್ಳಾಪುರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನೂಲಿಗೆ ಬಣ್ಣ ಹಾಕುವ ಒಂದು ಫ್ಯಾಕ್ಟರಿಯ ಕೆಲಸ ಸಿಕ್ಕಿತ್ತು. ಬಣ್ಣದ ನೀರು ಕಾಯಿಸುವ ಆರು ದೊಡ್ಡ ಸ್ಟೀಲ್ ಟ್ಯಾಂಕುಗಳು, ಒಂದೊಂದಕ್ಕೂ ಒಂದೊಂದು ಮೀಟರು. ಆ ಆರನ್ನೂ ಒಂದೇ ಜೋಡಿ ತಂತಿಯಲ್ಲಿ ಪೋಣಿಸಿ ಆಫೀಸಿನ ಕಂಪ್ಯೂಟರಿಗೆ ಸೇರಿಸಬೇಕು. ಒಂದೇ ತಂತಿಯಲ್ಲಿ ಎಲ್ಲವೂ ಮಾತಾಡಬೇಕಾದ್ದರಿಂದ ಪ್ರತಿ ಮೀಟರಿಗೂ ಒಂದು ನಂಬರ್ ಕೊಡುತ್ತೇವೆ. ಶಾಲೆಯ ಹಾಜರಿ ಇದ್ದ ಹಾಗೆ. ಕಂಪ್ಯೂಟರು 'ಮೂರು' ಎಂದು ಕರೆದರೆ ಮೂರನೆಯದು ಮಾತ್ರ ತನ್ನ ಶಾಖ ಹೇಳಬೇಕು, ಮಿಕ್ಕವು ಬಾಯಿ ಮುಚ್ಚಿಕೊಂಡಿರಬೇಕು.

ಇನ್ನೊಂದು ಕೆಲಸವೂ ಇತ್ತು. ಮೀಟರಿನ ಹಿಂಬದಿಯಿಂದ ಹೊರಡುವ ಸಣ್ಣ ಕರೆಂಟು ಟ್ಯಾಂಕಿಗೆ ಹಬೆ ಬಿಡುವ ವಾಲ್ವನ್ನು ಆಡಿಸುತ್ತದೆ. ನಾಲ್ಕು ಮಿಲಿಯಾಂಪ್ ಹೋದರೆ ವಾಲ್ವು ಪೂರ್ತಿ ಮುಚ್ಚುತ್ತದೆ, ಇಪ್ಪತ್ತು ಹೋದರೆ ಪೂರ್ತಿ ತೆರೆಯುತ್ತದೆ. ಪರೀಕ್ಷೆ ಮಾಡುವಾಗ ಮೀಟರನ್ನು 'ಮ್ಯಾನುಯಲ್'ಗೆ ಹಾಕಿ ಕರೆಂಟನ್ನು ನಾವೇ ಕಳಿಸುತ್ತೇವೆ. ಆಗ ಟ್ಯಾಂಕು ಎಷ್ಟೇ ಕಾಯಲಿ, ಮೀಟರು ವಾಲ್ವನ್ನು ಮುಚ್ಚುವುದಿಲ್ಲ. ಕೆಲಸ ಮುಗಿದ ಮೇಲೆ ಮರೆಯದೆ 'ಆಟೋ'ಗೆ ತರಬೇಕು. ಆಗ ಬಣ್ಣದ ಕೆಲಸ ಶುರುವಾಗುವ ತನಕ ವಾಲ್ವು ಮುಚ್ಚಿಯೇ ಇರುತ್ತದೆ. ಈ ಕಸುಬಿಗೆ ಬಂದ ಮೊದಲ ವಾರವೇ ಹೇಳಿಕೊಡುವ ಮಾತು ಅದು.

ಅವತ್ತು ಭಾನುವಾರ, ಫ್ಯಾಕ್ಟರಿಗೆ ರಜೆ. ರಾತ್ರಿ ಒಳಗಿದ್ದವರು ಮೂವರೇ. ನಾನು, ಬಾಯ್ಲರ್ ನೋಡಿಕೊಳ್ಳುವ ನಯಾಜ್ ಭಾಯ್, ಟ್ಯಾಂಕುಗಳ ಒಳಗಿಳಿದು ಕೆರೆದು ತೊಳೆಯುವ ಮುನಿರಾಜಣ್ಣ. ಮುನಿರಾಜಣ್ಣ ಘಾಟಿ ಕಡೆಯ ಹಳ್ಳಿಯವನು, ಐವತ್ತರ ಆಸುಪಾಸು. ಹತ್ತು ಗಂಟೆಗೆ ಬಂದು, "ಸಾರ್, ನಾಲ್ಕನೇದೊಂದು ಉಳ್ಕಂಡದೆ, ಬೆಳಿಗ್ಗೆ ನೋಡ್ಕತೀನಿ. ಬರ್ತೀನಿ" ಎಂದ.

"ಹೋಗ್ಬಿಟ್ ಬಾರಣ್ಣ" ಎಂದೆ. ಮನೆಗೆ ಹೋದ ಎಂದೇ ತಿಳಿದುಕೊಂಡೆ.

ಹನ್ನೊಂದು ನಲವತ್ತಕ್ಕೆ ನಾಲ್ಕನೇ ಮೀಟರನ್ನು ಮ್ಯಾನುಯಲ್‌ಗೆ ಹಾಕಿ ಹನ್ನೆರಡು ಮಿಲಿಯಾಂಪ್ ಕಳಿಸಿದೆ. ವಾಲ್ವು ಸರಿಯಾಗಿ ಅರ್ಧಕ್ಕೆ ತೆರೆದು ನಿಂತಿತು. ಬಾಯ್ಲರ್ ಆರಿತ್ತು, ಪೈಪಿನಲ್ಲಿ ಹಬೆಯೇ ಇರಲಿಲ್ಲ. ಅಷ್ಟರಲ್ಲಿ ನಯಾಜ್ ಭಾಯ್ ಆ ಕಡೆಯಿಂದ, "ಚಾಯ್ ಆಯ್ತು ಸಾರ್, ಬನ್ನಿ" ಎಂದು ಕೂಗಿದ. ಕೈ ಒರೆಸಿಕೊಂಡು ಹೋದೆ.

ಚಹಾ ಕುಡಿದು, ಅದೂ ಇದೂ ಹರಟಿ, ಆಫೀಸಿಗೆ ಬಂದು ಕಂಪ್ಯೂಟರಿನ ಮುಂದೆ ಕೂತಾಗ ಎರಡು ಗಂಟೆ ದಾಟಿತ್ತು. ನಾನು ಯಾವಾಗಲೂ ಒಂದರಿಂದ ಹತ್ತರವರೆಗೆ ಕರೆಯಲು ಬಿಟ್ಟಿರುತ್ತೇನೆ. ಒಂದರಿಂದ ಆರರವರೆಗೆ ಎಲ್ಲವೂ ಇಪ್ಪತ್ನಾಲ್ಕು, ಇಪ್ಪತ್ತೈದು ಡಿಗ್ರಿ ಹೇಳುತ್ತಿದ್ದವು. ಎಂಟು, ಒಂಬತ್ತು, ಹತ್ತು ಸುಮ್ಮನಿದ್ದವು.

ಏಳು... 36.8.

ಏಳನೇ ನಂಬರನ್ನು ನಾನು ಯಾವ ಮೀಟರಿಗೂ ಕೊಟ್ಟಿರಲಿಲ್ಲ. ಏಳನೇ ಮೀಟರೇ ಆ ಫ್ಯಾಕ್ಟರಿಯಲ್ಲಿರಲಿಲ್ಲ!

ತಂತಿಯಲ್ಲಿ ಏನೋ ತರಲೆ ಎಂದು ಬೈದುಕೊಂಡೆ. ಆದರೆ ತರಲೆಯಾಗಿದ್ದರೆ ಅಂಕಿ ಹುಚ್ಚಾಪಟ್ಟೆ ಕುಣಿಯಬೇಕಿತ್ತು. ಇದು ತಣ್ಣಗೆ, ಕರೆದಾಗಲೆಲ್ಲ ಅದೇ ಉತ್ತರ ಕೊಡುತ್ತಿತ್ತು. ಪ್ಯಾನೆಲ್ಲಿಗೆ ಹೋಗಿ ಮೀಟರುಗಳ ಮಾತಿನ ತಂತಿಗಳನ್ನು ಒಂದೊಂದಾಗಿ ಬಿಚ್ಚಿ ಬಂದೆ. ಒಂದರಿಂದ ಆರರವರೆಗೆ ಎಲ್ಲವೂ ಸತ್ತುಹೋದವು.

ಏಳು... 37.4.

ಒಂದು ವಿಮಾನ ತಗಡಿನ ಮಾಡನ್ನು ನಡುಗಿಸುತ್ತಾ ದಾಟಿಹೋಯಿತು. 38.1... 38.9... ಇದು ಟ್ಯಾಂಕಿನ ಶಾಖವಲ್ಲ, ಮನುಷ್ಯನ ಮೈಯ ಶಾಖ ಎಂದು ಆಗ ಹೊಳೆಯಿತು. ಮಗಳಿಗೆ ಜ್ವರ ಬಂದಾಗ ಎಷ್ಟು ರಾತ್ರಿ ಹೀಗೆ ಅಂಕಿ ನೋಡುತ್ತಾ ಕೂತಿದ್ದೇನೆ! ಕಂಪ್ಯೂಟರಿನ ಹಿಂದಿನ ತಂತಿಯನ್ನೇ ಕಿತ್ತು ಮೇಜಿನ ಮೇಲಿಟ್ಟೆ. ಈಗ ಯಾವುದಕ್ಕೂ ಯಾವುದೂ ಸೇರಿರಲಿಲ್ಲ.

ಏಳು... 39.6.

ಆಗ ಮೂಗಿಗೆ ಬಡಿಯಿತು, ಹಳೇ ಬಣ್ಣ ಬಿಸಿಯಾದಾಗ ಬರುವ ಕಮಟು ವಾಸನೆ. ಹೊರಗೆ ಓಡಿದೆ. ನಯಾಜ್ ಭಾಯ್ ಬಾಯ್ಲರಿನ ಪಕ್ಕ ನಿಂತು ಬೀಡಿ ಹಚ್ಚುತ್ತಿದ್ದ.

"ಭಾಯ್, ಸ್ಟೀಮ್ ಬಿಟ್ರಾ?"

"ಹೌದು ಸಾರ್, ಮೇನ್ ಲೈನ್ ತೆಗ್ದೆ. ಬೆಳಿಗ್ಗೆ ಶಿಫ್ಟ್‌ಗೆ ಬೇಕಲ್ಲ. ಯಾಕೆ?"

ನಾಲ್ಕನೇ ಮೀಟರು ಇನ್ನೂ ಮ್ಯಾನುಯಲ್‌ನಲ್ಲೇ ಇತ್ತು. ವಾಲ್ವು ಅರ್ಧ ತೆರೆದೇ ಇತ್ತು. ಟ್ಯಾಂಕಿನತ್ತ ಓಡಿದರೆ ಬುಡದಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ... ಪ್ಯಾನೆಲ್ಲಿನ ಮೇನ್ ಸ್ವಿಚ್ಚನ್ನೇ ಕೆಳಗೆಳೆದೆ. ಕರೆಂಟು ಹೋದೊಡನೆ ವಾಲ್ವು ಧಡ್ ಎಂದು ಮುಚ್ಚಿಕೊಂಡಿತು. ಮೇಲೆ ಹತ್ತಿ ಟಾರ್ಚ್ ಬಿಟ್ಟೆ. ಹಬೆಯ ನಡುವೆ, ಗೋಡೆಗೆ ಒರಗಿ, ಮುನಿರಾಜಣ್ಣ ಕೂತಿದ್ದ. ಏಣಿ ಪಕ್ಕದಲ್ಲಿ ಬಿದ್ದಿತ್ತು.

ನಯಾಜ್ ಭಾಯ್ ಇನ್ನೊಂದು ಏಣಿ ತಂದ. ಇಬ್ಬರೂ ಸೇರಿ ಎತ್ತಿದೆವು. ಕಾಲು ಉಳುಕಿತ್ತು, ಮೀನಖಂಡ ಬೆಂದು ಬೊಬ್ಬೆ ಎದ್ದಿತ್ತು, ಜೀವ ಇತ್ತು.

ಕೊನೆಯ ಬಸ್ಸು ತಪ್ಪಿತಂತೆ. ಗೇಟಿನ ಹತ್ತಿರ ಮಲಗಲು ಸೊಳ್ಳೆ ಬಿಡಲಿಲ್ಲವಂತೆ. ಹನ್ನೆರಡೂವರೆ ದಾಟಿದ ಮೇಲೆ ವಾಪಸ್ ಬಂದು, ಉಳಿದ ಟ್ಯಾಂಕನ್ನು ತೊಳೆದೇಬಿಡೋಣ ಎಂದು ಇಳಿದವನು, ಕೆರೆದು ಕೆರೆದು ಸುಸ್ತಾಗಿ ಅಲ್ಲೇ ನಿದ್ದೆ ಹೋಗಿದ್ದ. ಬಿಸಿ ತಗುಲಿ ಎಚ್ಚರವಾಗಿ ಏಣಿ ಹತ್ತುವಾಗ ಜಾರಿದ್ದ.

ಆಸ್ಪತ್ರೆಯ ಮಂಚದ ಮೇಲಿಂದಲೇ ಎರಡೂ ಕೈ ಎತ್ತಿ ಮುಗಿದ. "ನೀವಿಲ್ದೇ ಹೋಗಿದ್ರೆ ನಾನ್ ಬೆಂದೋಗ್ತಿದ್ದೆ ಸಾರ್" ಎಂದು ಅತ್ತ. ನನ್ನಿಂದಲೇ ನೀನು ಬೇಯುತ್ತಿದ್ದೆ ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಹೇಡಿತನ, ಬೇರೇನೂ ಅಲ್ಲ. ಬೆಳಗಾಗುವ ಮೊದಲು ಫ್ಯಾಕ್ಟರಿಗೆ ಹೋಗಿ, ಯಾರೂ ನೋಡದಂತೆ ನಾಲ್ಕನೇ ಮೀಟರನ್ನು ಆಟೋಗೆ ತಂದೆ.

ಆಮೇಲೆ ಕಂಪ್ಯೂಟರಿನಲ್ಲಿ ರಾತ್ರಿಯ ದಾಖಲೆ ತೆಗೆದು ನೋಡಿದೆ. ಏಳನೇ ನಂಬರಿನ ಮೊದಲ ಉತ್ತರ ಬಂದದ್ದು ಹನ್ನೊಂದು ನಲವತ್ತಕ್ಕೆ. ನಾನು ಮ್ಯಾನುಯಲ್ ಬಟನ್ ಒತ್ತಿದ ಅದೇ ನಿಮಿಷ. ಆಗ ಮುನಿರಾಜಣ್ಣ ಟ್ಯಾಂಕಿಗೆ ಇಳಿದೇ ಇರಲಿಲ್ಲ. ಮತ್ತೆ ಅದು ಯಾರ ಮೈಯ ಶಾಖ? ಹೊರಗೆ ಬಿಸಿಲು ಬಂದಿದ್ದರೂ ನನಗೆ ಆ ಕೋಣೆಯಲ್ಲಿ ಕೂರಲಾಗಲಿಲ್ಲ.

ಪ್ರತಿ ಸಂಕ್ರಾಂತಿಗೆ ಮುನಿರಾಜಣ್ಣ ಕುಂಟುತ್ತಾ ನಮ್ಮ ಮನೆಗೆ ಬರುತ್ತಾನೆ, ಒಂದು ಚೀಲ ಅವರೆಕಾಯಿ ತರುತ್ತಾನೆ. ಈ ಸಲ ಕಾಫಿ ಲೋಟ ಹಿಡಿದು ಮೆಲ್ಲಗೆ ಕೇಳಿದ.

"ಸಾರ್, ಅವತ್ತು ನಾನ್ ಒಳಗಿರೋದು ನಿಮ್ಗೆ ಹೆಂಗ್ ಗೊತ್ತಾಯ್ತು?"

"ನೀನು ಕೂಗಿದ್ದು ಕೇಳಿಸ್ತಲ್ಲಣ್ಣ" ಎಂದು ಸುಳ್ಳು ಹೇಳಿದೆ.

"ನಾನ್ ಕೂಗ್ಲೇ ಇಲ್ಲ ಸಾರ್." ಅವನ ದನಿ ತಗ್ಗಿತು. "ಕೂಗಕ್ಕೋದೆ... ಪಕ್ದಲ್ಲಿ ಯಾರೋ ಕೂತ್ಕಂಡು ಕೈ ಹಿಡ್ಕಂಡಿದ್ರು. ಕೂಗ್ಬೇಡ ಅಂದ್ರು."

"ಯಾರು?"

"ಹೊಗೇಲಿ ಮುಖ ಕಾಣ್ಲಿಲ್ಲ. 'ಸುಮ್ಕಿರು, ತೆಗ್ದಿಟ್ಟೋನೇ ಬಂದು ಮುಚ್ತಾನೆ' ಅಂದ್ರು."

ಅಷ್ಟು ಹೇಳಿ, ನನ್ನ ಮುಖವನ್ನೇ ನೋಡುತ್ತಾ, ನಿಧಾನವಾಗಿ ಕಾಫಿ ಕುಡಿದು ಮುಗಿಸಿದ. ಹೋಗುವಾಗ ಎಂದಿನಂತೆಯೇ ಕೈ ಮುಗಿದ. ಈ ಸಂಕ್ರಾಂತಿಯಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಅವನ ಹಳ್ಳಿಗೆ ಹೋಗಿ ಎಲ್ಲ ಹೇಳಿಬಿಡಬೇಕು ಎಂದು ಎರಡು ಸಲ ಬಸ್ಸು ಹತ್ತಿದ್ದೇನೆ. ಎರಡು ಸಲವೂ ಅರ್ಧ ದಾರಿಯಲ್ಲೇ ಇಳಿದು ವಾಪಸ್ ಬಂದಿದ್ದೇನೆ.