ಅಡುಗೆ ಶೆಡ್ಡಿನ ಹಿಂದಿನ ಪೈಕಾಗಳು

ಲಡಾಖಿನ ಒಂದು ಸೇನಾ ಕ್ಯಾಂಪಿನಲ್ಲಿ ನಾನು ಅಡುಗೆಯವನಾಗಿದ್ದೆ. ಆ ಎತ್ತರದಲ್ಲಿ ನೀರಿನ ಕ್ಯಾನು ಎತ್ತಿಟ್ಟರೂ ಏದುಸಿರು ಬರುತ್ತಿತ್ತು. ಶೆಡ್ಡಿನ ಹಿಂದಿನ ಕಲ್ಲುರಾಶಿಯಲ್ಲಿ ಪೈಕಾಗಳಿದ್ದವು. ಬೊಗಸೆಯಲ್ಲಿ ಹಿಡಿಯುವಷ್ಟು ಮೈ, ದುಂಡು ಕಿವಿ, ಬಾಲವೇ ಕಾಣದು. ನೋಡಲು ಇಲಿಯಂತಿದ್ದರೂ ಮೊಲದ ಕುಲ. ಬೇಸಿಗೆಯಲ್ಲಿ ಬಾಯ್ತುಂಬ ಹುಲ್ಲು ಕಚ್ಚಿಕೊಂಡು ಕಲ್ಲಿನ ಸಂದಿಗೆ ಓಡುತ್ತಿದ್ದವು.

ನಮ್ಮೂರು ಹೊಳಗುಂದದಲ್ಲಿದ್ದ ಅವ್ವನಿಗೆ ಇದನ್ನು ಫೋನಿನಲ್ಲಿ ಹೇಳಿದೆ. ಆಕೆ ಕುರಿ ಸಾಕಿದವಳು.

“ಹುಲ್ಲು ಕೂಡಿಡ್ತಾವ? ಅವಕ್ಕೂ ಕುರಿ ಅದಾವೇನಪ್ಪಾ?”

“ಇಲ್ಲಬೇ, ಚಳಿಗಾಲದಾಗ ತಾವ ತಿಂತಾವ.”

“ಶಾಣ್ಯಾ ಅದಾವ ಬಿಡು. ನೀನು ಹೊಟ್ಟಿತುಂಬ ಉಣ್ತೀ ಇಲ್ಲೋ?”

ಮಿಕ್ಕ ಅನ್ನ, ರೊಟ್ಟಿಯನ್ನು ಶೆಡ್ಡಿನ ಹಿಂದೆ ಸುರಿಯುವುದು ನಾನು ಹೋಗುವ ಮೊದಲಿನಿಂದಲೂ ಇದ್ದ ರೂಢಿ. ಅದಕ್ಕೆ ನಾಯಿಗಳು ಬಂದವು, ಅಲ್ಲೇ ಮರಿ ಹಾಕಿದವು. ಹೊಟ್ಟೆ ತುಂಬಿದ ನಾಯಿಗಳು ಆಟಕ್ಕೆಂಬಂತೆ ಪೈಕಾ ಹಿಡಿದು ಕೊಂದು, ತಿನ್ನದೆ ಬಿಟ್ಟುಹೋಗುತ್ತಿದ್ದವು.

ಪೈಕಾಗಳ ಅಧ್ಯಯನಕ್ಕೆ ಬಂದಿದ್ದ ಹೆಣ್ಣುಮಗಳೊಬ್ಬಳು ಸತ್ತ ಪೈಕಾವನ್ನು ಅಂಗೈಯಲ್ಲಿ ಹಿಡಿದುಕೊಂಡೇ ನಮ್ಮ ಸುಬೇದಾರರ ಮುಂದೆ ನಿಂತಳು. ಮುಸುರೆಯನ್ನು ಬಯಲಲ್ಲಿ ಚೆಲ್ಲಬೇಡಿ ಎಂದು ಕೇಳಿಕೊಂಡಳು. ಅವರು ಒಪ್ಪಿದರು. ಅದನ್ನು ಹಾಕಲು ಗುಂಡಿ ತೋಡುವ ಕೆಲಸ ನನಗೂ ಆದೋನಿ ಕಡೆಯ ನನ್ನ ಜೊತೆಗಾರನಿಗೂ ಬಿತ್ತು. ಹೆಪ್ಪುಗಟ್ಟಿದ ನೆಲಕ್ಕೆ ಹಾರೆ ಹಾಕಿದರೆ ಠಣ್ಣೆಂದು ಪುಟಿದು ಬರುತ್ತಿತ್ತು.

“ಇಲಿ ಸಲುವಾಗಿ ಇಷ್ಟು ಸಾಯಬೇಕೇನಣ್ಣಾ? ಇದೇಂ ಕರ್ಮಂರಾ ದೇವುಡಾ!” ಎಂದು ತೆಲುಗು ಬೆರೆಸಿ ಗೊಣಗುತ್ತ ಅವನು ಕೂತುಬಿಟ್ಟ. ಸ್ವಲ್ಪ ಹೊತ್ತಿಗೆ ಅವನೇ ಎದ್ದು ನನ್ನ ಕೈಯಿಂದ ಹಾರೆ ತೆಗೆದುಕೊಂಡ.

ಗುಂಡಿಗೆ ತಗಡು ಮುಚ್ಚಿದ ಮೇಲೆ ನಾಯಿಗಳು ಶೆಡ್ಡಿನ ಬಾಗಿಲಿಗೆ ಬಂದು ನನ್ನ ಮುಖ ನೋಡತೊಡಗಿದವು. ಅನ್ನ ಹಾಕದೆ ಬಾಗಿಲು ಮುಚ್ಚುವುದು ಅಗೆಯುವುದಕ್ಕಿಂತ ಕಷ್ಟವಾಯಿತು. ಹಸಿವಿಗೆ ಅವು ಪೈಕಾಗಳ ಮೇಲೆ ಇನ್ನೂ ಜೋರಾಗಿ ಬಿದ್ದವು. ಕಲ್ಲುರಾಶಿಯಲ್ಲಿ ಒಂದು ಪೈಕಾವೂ ಕಾಣದಾಯಿತು. ಆಮೇಲೆ ಒಂದೊಂದಾಗಿ ಕೆಳಗಿನ ಹಳ್ಳಿಗೆ ಇಳಿದವು. ಅಲ್ಲಿಯ ಕುರಿಗಾಹಿ ಬಂದು, ತನ್ನ ಕುರಿಮರಿಯೊಂದನ್ನು ನಾಯಿಗಳು ಕಚ್ಚಿ ಕೊಂದವೆಂದು ಹೇಳಿಕೊಂಡ. ಅವನನ್ನು ಒಳಗೆ ಕೂರಿಸಿ ಚಹಾ ಕೊಟ್ಟೆ. ನಾಯಿಗಳು ಮರಿ ಹಾಕದಂತೆ ಆಪರೇಷನ್ ಮಾಡಿಸುವ ಮಾತು ನಡೆಯಿತು. ನಾನಿರುವವರೆಗೂ ಅದು ಮಾತಾಗಿಯೇ ಉಳಿಯಿತು.

ಹಿಮ ಕರಗಿದ ಮೇಲೆ ಒಂದು ಬೆಳಿಗ್ಗೆ ಜೊತೆಗಾರ ಹೊರಗಿನಿಂದ ಕೂಗಿದ.

“ಅಣ್ಣಾ, ಒಂದು ಐತಿ! ಕಲ್ಲಿನ ಮ್ಯಾಲ ಕುಂತೈತಿ, ಬಾ!”

ಖುಷಿಯಾಯಿತು. ಆದರೆ ಆಗಷ್ಟೇ ನೀರಿನ ಕ್ಯಾನುಗಳನ್ನು ಎತ್ತಿಟ್ಟು ಏದುಸಿರು ಬಿಡುತ್ತ ಕೂತಿದ್ದೆ, ಎದ್ದುಹೋಗಿ ನೋಡುವಷ್ಟು ತ್ರಾಣ ಮೈಯಲ್ಲಿರಲಿಲ್ಲ.

“ಇರ್ಲಿ ಬಿಡಪಾ, ಅಂಜೀತು. ನೀನೂ ಒಳಗ ಬಾ,” ಎಂದೆ.